ವಾದ್ಯವೃಂದದ ನಾಯಕ: ವೀಣೆ ವೆಂಕಟಗಿರಿಯಪ್ಪನವರು

ತಮ್ಮ ಮನೆಯ ರೇಡಿಯೋದಲ್ಲಿ ವಾದ್ಯವೃಂದದ ಕಾರ್ಯಕ್ರಮವನ್ನು ತಾವು ಎಷ್ಟೋ ಬಾರಿ ಕೇಳಿರುತ್ತೀರಿ. ಪಿಟೀಲುಗಳು ಒಟ್ಟಾಗಿ ಏಳುತ್ತವೆ. ಕೊಳಲು ಅವುಗಳ ಮೇಲೆ ತೇಲುತ್ತದೆ. ವೀಣೆ ನಡುವೆ ಒಂದೆರಡು ಮಾತನಾಡಿ ಸುಮ್ಮನಾಗುತ್ತದೆ. ಮೃದಂಗ ಎಲ್ಲವನ್ನೂ ಕೈಹಿಡಿದು ದಡ ಸೇರಿಸುತ್ತದೆ. ಇಷ್ಟೆಲ್ಲ ನಡೆಯುವಾಗ ಅಲ್ಲಿ ಇನ್ನೊಬ್ಬರು ನಿಂತಿದ್ದಾರೆಂಬುದು ತಮ್ಮ ಕಿವಿಗೆ ಬೀಳುವುದಿಲ್ಲ. ಬೀಳುವಂತೆಯೂ ಇಲ್ಲ. ಅವರ ಕೈಯಲ್ಲಿ ವಾದ್ಯವಿಲ್ಲ, ಬಾಯಲ್ಲಿ ಹಾಡಿಲ್ಲ. ಸಭೆಯಲ್ಲಾದರೆ ಅವರ ಬೆನ್ನಾದರೂ ಕಾಣುತ್ತದೆ. ಬಾನುಲಿಯಲ್ಲಿ ಅದೂ ಇಲ್ಲ. ಕೊನೆಯಲ್ಲಿ ಉದ್ಘೋಷಕರು ಒಂದು ಹೆಸರು ಹೇಳುತ್ತಾರೆ, ನಾವು ಅಷ್ಟರಲ್ಲಿ ಕಾಫಿಗೆಂದು ಎದ್ದಿರುತ್ತೇವೆ.

ಈ ವ್ಯಕ್ತಿಗೆ ಇಂಗ್ಲಿಷಿನವರು ಕಂಡಕ್ಟರ್ ಎನ್ನುತ್ತಾರೆ. ನಮ್ಮ ಪ್ರೌಢಶಾಲೆಯ ತರಗತಿಯಲ್ಲಿ ಒಮ್ಮೆ ಈ ಮಾತನ್ನು ಆಡಿದಾಗ ಹಿಂದಿನ ಬೆಂಚಿನಿಂದ "ರೈಟ್, ರೈಟ್!" ಎಂಬ ಕೂಗು ಬಂತು. ನಾನೂ ನಕ್ಕೆ. ಆದರೆ ಆಮೇಲೆ ಯೋಚಿಸಿದಾಗ ಹುಡುಗ ಹೇಳಿದ್ದರಲ್ಲಿ ಹುರುಳಿದೆ ಎನ್ನಿಸಿತು. ಭೇರ್ಯದಿಂದ ಕೃಷ್ಣರಾಜನಗರಕ್ಕೆ ಹೋಗುವ ಬಸ್ಸಿನ ಕಂಡಕ್ಟರೂ ಗಾಡಿ ಓಡಿಸುವುದಿಲ್ಲ; ಆದರೆ ಅವರು ಸೀಟಿ ಊದುವ ತನಕ ಗಾಡಿ ಕದಲುವುದೂ ಇಲ್ಲ.

ಈ ಲೇಖನದಲ್ಲಿ ಅಂಥ ಒಬ್ಬ ನಾಯಕರ ಜೀವನವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಅವರು ದೂರದವರಲ್ಲ, ಹುಣಸೂರನ್ನು ದಾಟಿದರೆ ಸಿಗುವ ಹೆಗ್ಗಡದೇವನಕೋಟೆಯವರು. ಅವರನ್ನು ನಾಡು ವೀಣೆಯ ವಿದ್ವಾಂಸರೆಂದು ಬಲ್ಲದು. ಅವರ ಬದುಕಿನ ಇನ್ನೊಂದು ಅರ್ಧವನ್ನು, ಎಂದರೆ ಮೈಸೂರು ಅರಮನೆಯ ಕರ್ನಾಟಕ ವಾದ್ಯವೃಂದವನ್ನು ಅವರು ನಡೆಸಿದ ಕಥೆಯನ್ನು, ನಾವು ಹೆಚ್ಚುಕಡಿಮೆ ಮರೆತಿದ್ದೇವೆ. ಆ ಅರ್ಧವನ್ನು ತಿಳಿಯಬೇಕಾದರೆ ಮೊದಲು ವೃಂದದ ನಾಯಕನಾದವನು ಮಾಡುವ ಕೆಲಸವೇನೆಂಬುದು ತಿಳಿಯಬೇಕು.

ನಾನು ಸಂಗೀತಗಾರನಲ್ಲ; ಕನ್ನಡ ಪಂಡಿತ. ಆದರೂ ಈ ಕೆಲಸದ ಒಂದು ತುಣುಕು ನನ್ನ ಪಾಲಿಗೂ ಬಂದಿದೆ. ಶಾಲೆಯ ಅಂಗಳದಲ್ಲಿ ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿ ನಾಡಗೀತೆ ಹಾಡಿಸುವ ಹೊಣೆ ಅನೇಕ ವರ್ಷಗಳಿಂದ ನನ್ನದು. ಮೊದಮೊದಲು ನಾನು "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದೆ. ಮುಂದಿನ ಸಾಲು ಮೂರಕ್ಕೆ ಆರಂಭಿಸುತ್ತಿತ್ತು, ಹಿಂದಿನ ಸಾಲು ಮೂರಾದ ಮೇಲೆ. ಬಾಗಿಲ ಬಳಿ ತಡವಾಗಿ ಬಂದವರು ತಮ್ಮದೇ ಶ್ರುತಿಯಲ್ಲಿ. ಎರಡನೆಯ ನುಡಿಗೆ ಬರುವ ಹೊತ್ತಿಗೆ ಶ್ರುತಿ ಏರಿ ಗಂಟಲು ಕಟ್ಟುತ್ತಿತ್ತು. ಗದರಿಸಿದರೆ ಇನ್ನಷ್ಟು ಕೆಡುತ್ತಿತ್ತು. ಬಹಳ ದಿನಗಳ ಮೇಲೆ ಒಂದು ಸಂಗತಿ ನನಗೆ ತಾನಾಗಿ ಹೊಳೆಯಿತು. ಎಣಿಕೆಯನ್ನು ಬಿಟ್ಟು, ಕೈಯನ್ನು ಮೆಲ್ಲನೆ ಮೇಲೆತ್ತಿ, ನಾನೇ ಉಸಿರನ್ನು ಒಳಗೆಳೆದುಕೊಂಡೆ. ಇನ್ನೂರು ಮಕ್ಕಳು ನನ್ನೊಡನೆ ಉಸಿರೆಳೆದರು. ಕೈ ಇಳಿಯಿತು, ಮೊದಲಕ್ಷರ ಒಂದೇ ಕೊರಳಿನಿಂದೆಂಬಂತೆ ಬಂತು. ಸ್ವರಕ್ಕೆ ಮುಂಚಿನ ಆ ಎತ್ತಿದ ಕೈಯಲ್ಲಿಯೇ ಸಮಸ್ತವೂ ಅಡಗಿದೆಯೆಂದು ಆಮೇಲೆ ಓದಿ ತಿಳಿದೆ.

ಪಾಶ್ಚಾತ್ಯ ವಾದ್ಯವೃಂದದಲ್ಲಿ ಅರವತ್ತರಿಂದ ನೂರು ಜನ ಕುಳಿತಿರುತ್ತಾರೆ. ಪ್ರತಿಯೊಬ್ಬರ ಮುಂದಿನ ಹಾಳೆಯಲ್ಲಿ ಅವರವರು ನುಡಿಸಬೇಕಾದ ಸ್ವರಗಳು ಮಾತ್ರ ಬರೆದಿರುತ್ತವೆ. ಪಕ್ಕದವರ ಪಾಠ ಅವರಿಗೆ ಕಾಣದು. ಎಲ್ಲರ ಪಾಠವೂ ಒಂದರ ಕೆಳಗೊಂದು ಬರೆದಿರುವ ದೊಡ್ಡ ಪುಸ್ತಕ ಒಬ್ಬನ ಮುಂದೆ ಮಾತ್ರ ಇರುತ್ತದೆ. ಅವನೇ ನಾಯಕ. ಅವನ ಬಲಗೈಯ ಕಡ್ಡಿ ಕಾಲವನ್ನು ತೋರುತ್ತದೆ. ಎಡಗೈ ಭಾವವನ್ನು: ಇಲ್ಲಿ ಮೆಲ್ಲಗೆ, ಇಲ್ಲಿ ತುಂಬಿ, ಅಲ್ಲಿ ನೀನೊಬ್ಬನೇ. ಹಿಂದೆ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಾಕುವ ರೂಢಿಯೂ ಇತ್ತು. ಫ್ರಾನ್ಸ್ ದೇಶದ ಆಸ್ಥಾನದಲ್ಲಿದ್ದ ಲುಲ್ಲಿ ಎಂಬಾತ ಹಾಗೆ ಕುಟ್ಟುವಾಗ ಕೋಲು ಕಾಲಿಗೇ ತಗುಲಿ, ಗಾಯ ಕೊಳೆತು, 1687ರಲ್ಲಿ ತೀರಿಕೊಂಡ. ಆಮೇಲೆ ಕ್ರಮೇಣ ಕೋಲು ಸಣ್ಣದಾಗಿ, ಹಗುರಾಗಿ, ಗಾಳಿಯಲ್ಲೇ ಉಳಿಯಿತು. ಆದರೆ ಜನ ನೋಡುವ ಈ ಕೈಯಾಟ ಕೆಲಸದ ಕೊನೆಯ ಭಾಗ ಮಾತ್ರ. ಅಭ್ಯಾಸದ ಕೊಠಡಿಯಲ್ಲಿ ಹತ್ತಾರು ಗಂಟೆ ಕೇಳುವುದು, ತಪ್ಪಿದವನು ಯಾರೆಂದು ನೂರರಲ್ಲಿ ಗುರುತಿಸುವುದು, ಅವನ ಮಾನ ಕಳೆಯದೆ ತಿದ್ದುವುದು, ಇವು ಅವನ ನಿಜವಾದ ಕಸುಬು.

ಇದು ಪರದೇಶದ ಸೊತ್ತು, ನಮಗೇಕೆ ಎನ್ನುವವರಿದ್ದಾರೆ. ಅವರ ಗಮನಕ್ಕೆ ನಮ್ಮ ಹಳೆಯ ಶಾಸ್ತ್ರಗಳನ್ನು ತರಬಯಸುತ್ತೇನೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ವಾದ್ಯಗಾರರ ಸಮೂಹಕ್ಕೆ ಕುತಪವೆಂಬ ಹೆಸರೇ ಇದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ವೃಂದವನ್ನು ಉತ್ತಮ, ಮಧ್ಯಮ, ಕನಿಷ್ಠವೆಂದು ವಿಂಗಡಿಸಿ, ಉತ್ತಮ ವೃಂದದಲ್ಲಿ ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಸಹಗಾಯಕರು, ಹನ್ನೆರಡು ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು ಇರಬೇಕೆಂದು ಲೆಕ್ಕ ಹಾಕಿದ್ದಾನೆ. ವೃಂದಕ್ಕೆ ಅವನು ಹೇಳುವ ಗುಣಗಳು ಆರು. ಮುಖ್ಯನನ್ನು ಅನುಸರಿಸುವುದು, ಪರಸ್ಪರ ಬೆರೆಯುವುದು, ತಾಳದ ಹಿಂದೆ ನಡೆಯುವುದು, ಮೂರು ಸ್ಥಾಯಿಯನ್ನೂ ತುಂಬುವ ಶಕ್ತಿ, ದನಿಗಳ ಹೋಲಿಕೆ. ಇವು ಐದನ್ನು ಯಾರಾದರೂ ಊಹಿಸಬಹುದು. ಆರನೆಯದು ನನಗೆ ಬಹು ಪ್ರಿಯವಾದದ್ದು: ಒಬ್ಬನಲ್ಲಿ ಎಲ್ಲಿಯಾದರೂ ಸ್ವರ ಕಡಿದರೆ ಇನ್ನೊಬ್ಬನು ಅದನ್ನು ಕೇಳುಗನಿಗೆ ತಿಳಿಯದಂತೆ ತುಂಬಿಕೊಡುವುದು. ಏಳೆಂಟು ನೂರು ವರ್ಷಗಳ ಹಿಂದೆ ಇದನ್ನು ಬರೆದವನು ವೃಂದದೊಳಗೆ ಕುಳಿತು ನೋಡಿದವನೇ ಸರಿ.

ಹೀಗೆ ಶಾಸ್ತ್ರದಲ್ಲಿ ಇದ್ದದ್ದು ಕಾಲಾಂತರದಲ್ಲಿ ನಮ್ಮ ಕಚೇರಿಗಳಿಂದ ಮರೆಯಾಯಿತು. ಒಬ್ಬ ವಿದ್ವಾಂಸ, ಜೊತೆಗೆ ಇಬ್ಬರು ಮೂವರು ಪಕ್ಕವಾದ್ಯದವರು, ಅಲ್ಲಲ್ಲೇ ಹುಟ್ಟುವ ಮನೋಧರ್ಮ. ಅದು ನಮ್ಮ ಸಂಗೀತದ ಜೀವ. ಮನೋಧರ್ಮವನ್ನು ಇಪ್ಪತ್ತು ಜನ ಒಟ್ಟಿಗೆ ನಡೆಸಲಾಗದು. ಆದುದರಿಂದ ವೃಂದದ ಪ್ರಶ್ನೆಯೇ ಏಳಲಿಲ್ಲ. ಅದು ಮತ್ತೆ ಎದ್ದದ್ದು ಮೈಸೂರಿನ ಅರಮನೆಯಲ್ಲಿ.

ನಾಲ್ವಡಿ ಕೃಷ್ಣರಾಜ ಒಡೆಯರು ಸಂಗೀತವನ್ನು ಕೇಳಿ ತಲೆದೂಗುವ ರಾಜರಷ್ಟೇ ಆಗಿರಲಿಲ್ಲ. ವೀಣೆ, ಪಿಟೀಲು, ಕೊಳಲು, ಸ್ಯಾಕ್ಸೊಫೋನು, ಪಿಯಾನೊ ಮೊದಲಾದ ಹಲವು ವಾದ್ಯಗಳನ್ನು ತಾವೇ ನುಡಿಸಬಲ್ಲವರಾಗಿದ್ದರು. ಅರಮನೆಯಲ್ಲಿ ಎರಡು ವಾದ್ಯಮೇಳಗಳಿದ್ದವು. ಒಂದು ಪಾಶ್ಚಾತ್ಯ ಸಂಗೀತದ್ದು. ಅದನ್ನು ಒಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ನಡೆಸುತ್ತಿದ್ದರು. ಇನ್ನೊಂದು ಕರ್ನಾಟಕ ಸಂಗೀತದ್ದು. ಒಂದೇ ಛಾವಣಿಯ ಕೆಳಗೆ ಯೂರೋಪಿನ ಶಿಸ್ತೂ ನಮ್ಮ ರಾಗಗಳೂ ಹೀಗೆ ಅಕ್ಕಪಕ್ಕದಲ್ಲಿ ನಿಂತ ಉದಾಹರಣೆ ಆ ಕಾಲದ ಭಾರತದಲ್ಲಿ ವಿರಳ. ಈ ಎರಡನೆಯ ಮೇಳದ ಹೊಣೆ ಹೊತ್ತವರೇ ನಮ್ಮ ವೆಂಕಟಗಿರಿಯಪ್ಪನವರು.

ಅವರು ಹುಟ್ಟಿದ್ದು 1887ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ನಾಲ್ವಡಿಯವರಿಗಿಂತ ಮೂರು ವರ್ಷಕ್ಕೆ ಚಿಕ್ಕವರು. ತಾಯಿಯ ತಂದೆ ದೊಡ್ಡ ಸುಬ್ಬರಾಯರ ಆಶ್ರಯದಲ್ಲಿ ಬೆಳೆದರು. ಅಜ್ಜನ ಮನೆ ವೀಣೆಯ ಮನೆ. ಅವರ ಸೋದರಮಾವ ಚಿಕ್ಕ ಸುಬ್ಬರಾಯರು ನಾಲ್ವಡಿಯವರಿಗೆ ಪಾಠ ಹೇಳಿದವರು. ವೀಣೆ ಶೇಷಣ್ಣನವರು, ವೀಣೆ ಸುಬ್ಬಣ್ಣನವರು ಮೈಸೂರಿನ ಬೀದಿಗಳಲ್ಲಿ ನಡೆದಾಡುತ್ತಿದ್ದ ಕಾಲವದು. ಆ ಊರಿನಲ್ಲಿ ವೈಣಿಕನೆನ್ನಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

ಸೋದರಮಾವ ಬೇಡಿಕೊಂಡ ಮೇಲೆ ಅರಸರ ಮುಂದೆ ನುಡಿಸಲು ವೆಂಕಟಗಿರಿಯಪ್ಪನವರಿಗೆ ಅಪ್ಪಣೆಯಾಯಿತು. ಆ ದಿನದ ಬಗ್ಗೆ ಒಂದು ಕಥೆಯನ್ನು ಸಂಗೀತಗಾರರ ಮನೆಗಳಲ್ಲಿ ಹೇಳುವುದುಂಟು. ಅರಸರು ಸ್ವಲ್ಪ ಹೊತ್ತು ಕೇಳಿ, ಒಂದು ಮಾತನ್ನೂ ಆಡದೆ ಎದ್ದು ಹೋದರಂತೆ. ಬಳಿಕ ಚಾಕರನೊಬ್ಬನ ಕೈಯಲ್ಲಿ ಸಂಭಾವನೆ ಬಂತು: ಎರಡು ರೂಪಾಯಿ. ಸೋದರಮಾವನವರಿಗೆ ಮುಖಕ್ಕೆ ಹೊಡೆದಂತಾಯಿತು. ವೆಂಕಟಗಿರಿಯಪ್ಪನವರು ಮಾತ್ರ ಅದನ್ನು ಕಣ್ಣಿಗೊತ್ತಿಕೊಂಡು ಪ್ರಸಾದದಂತೆ ತೆಗೆದುಕೊಂಡರು. ಚಾಕರನಿಗೆ ಇನ್ನೂ ಒಂದು ಕೆಲಸವಿತ್ತು. ಕೊಟ್ಟಾಗ ಅವರ ಮುಖ ಹೇಗಿತ್ತೆಂದು ನೋಡಿಬಂದು ಹೇಳುವುದು. ಅದನ್ನು ಕೇಳಿದ ಅರಸರು ಮುಂದೆ ಅವರನ್ನು ಮತ್ತೆ ಕರೆಸಿ ಮನದಣಿಯೆ ಕೇಳಿ ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡರು.

ಅರಸರ ದೊಡ್ಡತನಕ್ಕೆ ಸಾಕ್ಷಿಯೆಂದು ಈ ಕಥೆಯನ್ನು ಹೇಳುವವರುಂಟು. ನನಗೆ ಹಾಗೆನ್ನಿಸುವುದಿಲ್ಲ. ಬಡ ವಿದ್ವಾಂಸನ ಮನಸ್ಸನ್ನು ಹೀಗೆ ಒರೆಗೆ ಹಚ್ಚುವುದರಲ್ಲಿ ಸ್ವಲ್ಪ ಕ್ರೌರ್ಯವೂ ಇದೆ. ಆದರೆ ಈ ಪರೀಕ್ಷೆಯಲ್ಲಿ ಗೆದ್ದ ಗುಣ ಯಾವುದೆಂಬುದನ್ನು ಗಮನಿಸಿ. ಬೆರಳಿನ ಚಮತ್ಕಾರವಲ್ಲ; ತನ್ನನ್ನು ತಾನು ಹಿಂದಿಟ್ಟುಕೊಳ್ಳಬಲ್ಲ ಸ್ವಭಾವ. ಒಬ್ಬನೇ ಕುಳಿತು ನುಡಿಸುವ ವಿದ್ವಾಂಸನಿಗೆ ಈ ಗುಣವಿಲ್ಲದಿದ್ದರೂ ನಡೆದೀತು. ವೃಂದವನ್ನು ನಡೆಸುವವನಿಗೆ ನಡೆಯದು.

ಇನ್ನು ಅವರ ಎದುರಿಗಿದ್ದ ಕಷ್ಟವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಲೇಖನದ ತಿರುಳು ಇಲ್ಲಿದೆ.

ಪಾಶ್ಚಾತ್ಯ ವೃಂದದಲ್ಲಿ ಬೇರೆ ಬೇರೆ ವಾದ್ಯಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ನುಡಿಸುತ್ತವೆ. ಅವುಗಳ ಕೂಟದಿಂದ ಇಂಪು ಹುಟ್ಟುತ್ತದೆ. ನಮ್ಮಲ್ಲಿ ಹಾಗಿಲ್ಲ. ಎಲ್ಲ ವಾದ್ಯಗಳೂ ಒಂದೇ ರಾಗದ ಒಂದೇ ಎಳೆಯನ್ನು ಹಿಡಿದು ಹೋಗಬೇಕು. ಅಂದ ಮೇಲೆ ನಮ್ಮ ವೃಂದವನ್ನು ನಡೆಸುವುದು ಸುಲಭವಲ್ಲವೆ ಎಂದು ತಾವು ಕೇಳಬಹುದು. ಸುಲಭವಲ್ಲ, ಅದಕ್ಕಿಂತ ಕಷ್ಟ. ಕಾರಣ ಗಮಕ. ಪಾಶ್ಚಾತ್ಯರ ಸ್ವರ ಮೆಟ್ಟಿಲಿನಂತೆ ನಿಂತಲ್ಲಿ ನಿಲ್ಲುತ್ತದೆ. ನಮ್ಮ ಸ್ವರ ಉಯ್ಯಾಲೆಯಂತೆ. ಅದರ ಸ್ಥಾನ ಯಾವುದೆಂದರೆ ಅದು ತೂಗುವ ಜಾಗವೆಲ್ಲವೂ. ತೋಡಿ ರಾಗದ ಗಾಂಧಾರವನ್ನು ನೆನೆಯಿರಿ. ಅದನ್ನು ಒಬ್ಬ ವಿದ್ವಾಂಸ ಆಂದೋಲನ ಮಾಡಿದರೆ ಕೇಳುವವರ ಕಣ್ಣು ಮುಚ್ಚುತ್ತದೆ. ಹತ್ತು ಪಿಟೀಲುಗಳು ಹತ್ತು ವೇಗದಲ್ಲಿ ಅದನ್ನೇ ತೂಗಿದರೆ ಜೇನುಗೂಡಿಗೆ ಕಲ್ಲು ಬಿದ್ದಂತಾಗುತ್ತದೆ. ಸ್ವರಲಿಪಿಯ ಹಾಳೆಯನ್ನು ಎದುರಿಗಿಟ್ಟರೂ ಪ್ರಯೋಜನವಿಲ್ಲ. ಹಾಳೆಯಲ್ಲಿ "ಗ" ಎಂಬ ಒಂದಕ್ಷರವಿದೆ, ತೂಗಿನ ವೇಗ ಬರೆದಿಲ್ಲ.

ಹೀಗಿರುವಾಗ ಕರ್ನಾಟಕ ವೃಂದವನ್ನು ನಡೆಸುವವನ ಮುಂದೆ ಎರಡು ದಾರಿಗಳಿವೆ. ಗಮಕ ಕಡಮೆಯಿರುವ ರಾಗಗಳನ್ನು ಆರಿಸಿಕೊಳ್ಳುವುದು ಒಂದು. ಹಂಸಧ್ವನಿ, ಮೋಹನ, ಕದನಕುತೂಹಲ ಮುಂತಾದ ರಾಗಗಳು ವಾದ್ಯಮೇಳಗಳಿಗೆ ಒಗ್ಗುವುದು ಇದರಿಂದಲೇ. ಕದನಕುತೂಹಲದ "ರಘುವಂಶಸುಧಾ" ಕೃತಿಯನ್ನು ಬ್ಯಾಂಡಿನಲ್ಲಿ ಕೇಳದವರು ಯಾರು? ಅದನ್ನು ರಚಿಸಿದ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರು ನಮ್ಮ ಮೈಸೂರು ವಾಸುದೇವಾಚಾರ್ಯರ ಗುರುಗಳು. ಇನ್ನೊಂದು ದಾರಿ, ಪ್ರತಿಯೊಂದು ಗಮಕವನ್ನೂ ಅಳೆದು, ಇಷ್ಟೇ ಸಲ ತೂಗಬೇಕು, ಇಲ್ಲಿಂದಲೇ ಜಾರಬೇಕು ಎಂದು ನಿಷ್ಕರ್ಷಿಸಿ, ಎಲ್ಲರ ಬೆರಳಿಗೂ ಬಿಲ್ಲಿಗೂ ಅದನ್ನು ಕೂರಿಸುವುದು. ಇದಕ್ಕೆ ಬೇಕಾದದ್ದು ಹಾಳೆಯಲ್ಲ. ಎಲ್ಲರಿಗೂ ಪಾಠ ಹೇಳಬಲ್ಲ ಗುರು. ಯೂರೋಪಿನಲ್ಲಿ ನಾಯಕನು ಅಧಿಪತಿಯಾಗಿರಬಹುದು. ನಮ್ಮಲ್ಲಿ ಅವನು ಮೇಷ್ಟರಾಗದೆ ವಿಧಿಯಿಲ್ಲ.

ವೆಂಕಟಗಿರಿಯಪ್ಪನವರಿಗೆ ಈ ವಿಷಯದಲ್ಲಿ ಅವರ ಮೈಸೂರು ಬಾನಿಯೂ ಒದಗಿಬಂದಿರಬೇಕೆಂದು ನನ್ನ ಊಹೆ. ಎಡಗೈಯ ತೋರುಬೆರಳನ್ನೂ ನಡುಬೆರಳನ್ನೂ ಬಿಡಿಸಿ ಮೆಟ್ಟಿಲುಗಳ ಮೇಲೆ ಓಡಿಸುವುದು, ಮೀಟನ್ನು ಮೃದುವಾಗಿ ಹಾಕುವುದು, ಸ್ವರವನ್ನು ಸ್ವಚ್ಛವಾಗಿ ಬಿಡಿಸಿ ತೋರುವುದು ಆ ಬಾನಿಯ ಲಕ್ಷಣ. ಇಂಥ ಕೈಯಿಂದ ಹೊರಟ ಪಾಠ ವೃಂದಕ್ಕೆ ಹಿಡಿಯುವುದು ಸುಲಭ.

ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಹಾಡಿಗೆಂದು ಹುಟ್ಟಿದ ಕೃತಿಯನ್ನು ವಾದ್ಯಗಳ ಮೇಲೆ ಹೇರುವುದಕ್ಕಿಂತ, ವಾದ್ಯಗಳಿಗಾಗಿಯೇ ರಚನೆಗಳನ್ನು ಮಾಡಿದರು. ಇವಕ್ಕೆ ನಗ್ಮ ಎಂದು ಹೆಸರು. ಮಾತು ಉತ್ತರಾದಿಯದು, ಅಲ್ಲಿ ತಬಲದವನು ಲಯವಿನ್ಯಾಸ ತೋರುವಾಗ ಹಿಂದೆ ಸುತ್ತಿ ಸುತ್ತಿ ಬರುವ ಧಾಟಿಗೆ ನಗ್ಮವೆನ್ನುತ್ತಾರೆ. ವೆಂಕಟಗಿರಿಯಪ್ಪನವರ ಕೈಯಲ್ಲಿ ಅದು ಸಾಹಿತ್ಯದ ಹಂಗಿಲ್ಲದ, ಲವಲವಿಕೆಯಿಂದ ಓಡುವ ಒಂದು ಸ್ವತಂತ್ರ ರಚನೆಯಾಯಿತು. ಇದಲ್ಲದೆ ಗೋಪಾಲದಾಸ ಎಂಬ ಮುದ್ರಿಕೆಯಲ್ಲಿ ಅವರು ವರ್ಣ, ಕೃತಿ, ತಿಲ್ಲಾನಗಳನ್ನೂ ರಚಿಸಿದ್ದಾರೆ. 1936ರಲ್ಲಿ ಅವರಿಗೆ ಅರಸರಿಂದ ವೈಣಿಕ ಪ್ರವೀಣ ಎಂಬ ಬಿರುದು ಬಂತು. ಬಿರುದಿನಲ್ಲಿಯೂ ವೀಣೆಯೇ ಇದೆ, ವೃಂದವಿಲ್ಲ; ಇದು ನಾಯಕರ ಹಣೆಯಬರಹ.

ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ ಸಂಗೀತದ ಕಥೆ ಇನ್ನೂ ವಿಸ್ತಾರವಾದದ್ದು. ಪಿಯಾನೊದಲ್ಲಿ ಅವರಿಗಿದ್ದ ಪ್ರೌಢಿಮೆಯನ್ನು ಲಂಡನ್ನಿನ ಸಂಗೀತಶಾಲೆಗಳು ಮನ್ನಿಸಿದ್ದವು. ಅದೇ ಜಯಚಾಮರಾಜರು ವೀಣೆ ಕಲಿತದ್ದು ನಮ್ಮ ವೆಂಕಟಗಿರಿಯಪ್ಪನವರಲ್ಲಿ. ಮುಂದೆ ಅವರು ಶ್ರೀವಿದ್ಯಾ ಮುದ್ರಿಕೆಯಲ್ಲಿ ರಚಿಸಿದ ಕೃತಿಗಳು ತೊಂಬತ್ತಕ್ಕೂ ಮಿಕ್ಕಿವೆ.

ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯ ಎಂಬ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಎಂಬುವರು ಮಹಾರಾಜರ ಆಹ್ವಾನದ ಮೇರೆಗೆ 1946ರಲ್ಲಿ ಮೈಸೂರಿಗೆ ಬಂದರು. ಯುದ್ಧ ಮುಗಿದ ಹೊಸತು, ಲಂಡನ್ನಿನಲ್ಲಿ ಹಣವಿಲ್ಲ. ಮೈಸೂರಿನ ಹಣ ಆ ಹೊಸ ವೃಂದದ ಬೆನ್ನಿಗೆ ನಿಂತಿತು. 1948ರಲ್ಲಿ ಫಿಲ್ಹಾರ್ಮೋನಿಯ ಕಚೇರಿ ಸಂಘಕ್ಕೆ ಜಯಚಾಮರಾಜರು ಮೊದಲ ಅಧ್ಯಕ್ಷರಾದರು. ಮೆಟ್ನರ್ ಎಂಬ ರಷ್ಯದ ವೃದ್ಧ ಸಂಗೀತಕಾರ ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ. ಆತನ ರಚನೆಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವ ವೆಚ್ಚವನ್ನು ಮಹಾರಾಜರು ವಹಿಸಿದರು. ಆ ಮುದ್ರಣಗಳಲ್ಲಿ ಎರಡನೆಯ ಮತ್ತು ಮೂರನೆಯ ಪಿಯಾನೊ ಕನ್ಸರ್ಟೊಗಳಿಗೆ ವೃಂದವನ್ನು ನಡೆಸಿದವರು ದೊಬ್ರೊವೆನ್. ಮೆಟ್ನರ್ ತನ್ನ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಜರ್ಮನಿಯ ರಿಚರ್ಡ್ ಸ್ಟ್ರೌಸ್ ತನ್ನ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತೆಗಳು ಮೊದಲ ಬಾರಿ ಜಗತ್ತಿನ ಕಿವಿಗೆ ಬಿದ್ದದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದವನ್ನು ನಡೆಸಿದವರು ಆ ಕಾಲದ ಮಹಾನಾಯಕರಲ್ಲೊಬ್ಬರಾದ ಫುರ್ಟ್‌ವೆಂಗ್ಲರ್. ಆ ಸಂಜೆಗೆ ಒತ್ತಾಸೆಯಾಗಿ ನಿಂತವರು ಹೆಗ್ಗಡದೇವನಕೋಟೆಯ ಗುರುಗಳ ಶಿಷ್ಯರು. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ.

ಇಷ್ಟು ಹೇಳಿದ ಮೇಲೆ ಮನಸ್ಸಿಗೆ ಒಂದು ನೋವೂ ಬರುತ್ತದೆ. ಅದನ್ನು ಹೇಳಲು ಫಿನ್ಲೆಂಡ್ ಎಂಬ ದೂರದ ನಾಡಿಗೆ ತಮ್ಮನ್ನು ಒಂದು ಕ್ಷಣ ಕರೆದೊಯ್ಯಬೇಕು. ಅದು ಯೂರೋಪಿನ ಬಡಗಣ ಅಂಚಿನ ಹಿಮದ ದೇಶ. 1917ರವರೆಗೆ ರಷ್ಯದ ಚಕ್ರವರ್ತಿಯ ಅಧೀನ. ಜನಸಂಖ್ಯೆ ಇಂದಿಗೂ ಸುಮಾರು 55 ಲಕ್ಷ, ಎಂದರೆ ಬೆಂಗಳೂರು ನಗರಕ್ಕಿಂತ ಕಡಮೆ. ಅಲ್ಲಿ ರಾಬರ್ಟ್ ಕಯಾನುಸ್ ಎಂಬ ಇಪ್ಪತ್ತೈದರ ತರುಣ 1882ರಲ್ಲಿ ಹೆಲ್ಸಿಂಕಿ ಪಟ್ಟಣದಲ್ಲಿ ಒಂದು ವಾದ್ಯವೃಂದವನ್ನು ಕಟ್ಟಿದ. ಅವನಿಗೆ ಅರಮನೆಯಿರಲಿಲ್ಲ. ಅರ್ಧ ಶತಮಾನ ಅದನ್ನೇ ಹಿಡಿದು ನಡೆಸಿದ. ಆ ನಾಡಿನ ಮಹಾಸಂಗೀತಕಾರ ಸಿಬೇಲಿಯುಸನ ರಚನೆಗಳನ್ನು ತನ್ನ ವೃಂದದಿಂದ ನುಡಿಸಿ ನುಡಿಸಿ ಜನರ ಕಿವಿಗೆ ಹತ್ತಿಸಿದ. 1900ರಲ್ಲಿ ವೃಂದವನ್ನು ಪ್ಯಾರಿಸ್ಸಿನ ವಿಶ್ವಪ್ರದರ್ಶನಕ್ಕೂ ಕರೆದೊಯ್ದ. 1930ರಲ್ಲಿ ಎಪ್ಪತ್ತು ದಾಟಿದ ಕಯಾನುಸ್ ಲಂಡನ್ನಿಗೆ ಹೋಗಿ ಸಿಬೇಲಿಯುಸನ ಮೊದಲೆರಡು ಸಿಂಫೊನಿಗಳನ್ನು ಧ್ವನಿಮುದ್ರಿಸಿದಾಗ ಅದಕ್ಕೆ ನೆರವಿತ್ತದ್ದು ಫಿನ್ಲೆಂಡಿನ ಸರ್ಕಾರ. ಮೂರು ವರ್ಷಗಳಲ್ಲಿ ಅವನು ತೀರಿಕೊಂಡ. ತಟ್ಟೆಗಳು ಉಳಿದಿವೆ, ಇಂದಿಗೂ ಆ ಸಿಂಫೊನಿಗಳನ್ನು ನಡೆಸುವವರು ಅವನ್ನು ಕೇಳಿ ಕಲಿಯುತ್ತಾರೆ.

ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ನಾಯಕನಾಗುವುದನ್ನು ಒಂದು ವಿದ್ಯೆಯಾಗಿ ಶಾಲೆಯಲ್ಲಿ ಕಲಿಸತೊಡಗಿದರು. ಹೆಲ್ಸಿಂಕಿಯ ಸಿಬೇಲಿಯುಸ್ ಅಕಾಡೆಮಿಯಲ್ಲಿ ಯೋರ್ಮ ಪಾನುಲ ಎಂಬ ಮೇಷ್ಟರು 1973ರಿಂದ ಇಪ್ಪತ್ತು ವರ್ಷ ಈ ಪಾಠ ಹೇಳಿದರು. ಅವರ ತರಗತಿಯಲ್ಲಿ ಕರಿಹಲಗೆಗಿಂತ ಮುಖ್ಯವಾದದ್ದು ಒಂದು ಸಣ್ಣ ವಾದ್ಯವೃಂದ. ವಿದ್ಯಾರ್ಥಿ ಅದರ ಮುಂದೆ ನಿಂತು ನಡೆಸಬೇಕು. ಅದನ್ನು ಚಿತ್ರೀಕರಿಸಿ ಆಮೇಲೆ ಅವನಿಗೇ ತೋರಿಸುವುದು. ತನ್ನ ಕೈ ಎಲ್ಲಿ ಸುಳ್ಳಾಡಿತೆಂದು ಅವನೇ ಕಾಣಬೇಕು. ಅಲ್ಲಿಂದ ಹೊರಟ ಸಲೊನೆನ್, ಸರಸ್ತೆ, ಓರಮೊ, ವೆನ್ಸ್ಕ ಮೊದಲಾದವರು ಅಮೆರಿಕ, ಇಂಗ್ಲೆಂಡುಗಳ ದೊಡ್ಡ ವೃಂದಗಳಿಗೆ ನಾಯಕರಾದರು. 1996ರಲ್ಲಿ ಹುಟ್ಟಿದ ಮೆಕೆಲ ಎಂಬ ತರುಣನೂ ಅದೇ ಮೇಷ್ಟರ ಶಿಷ್ಯನಾಗಿ ಚಿಕ್ಕ ವಯಸ್ಸಿನಲ್ಲಿಯೇ ಲೋಕಪ್ರಸಿದ್ಧನಾಗಿದ್ದಾನೆ.

ನಮ್ಮಲ್ಲಿ ಕಟ್ಟಿದ್ದು ಅರಮನೆ. ಕೊಡುಗೈಯೂ ಅದರದೇ, ಅಭಿರುಚಿಯೂ ಅದರದೇ. ಆಳ್ವಿಕೆ ಮುಗಿದಾಗ ವಾದ್ಯವೃಂದಕ್ಕೆ ಬೇರೆ ಯಜಮಾನ ಬೇಕಾಯಿತು. ಮೈಸೂರಿನ ಹಣದಿಂದ ಲಂಡನ್ನಿನಲ್ಲಿ ರಷ್ಯದವನ ಸಂಗೀತ ತಟ್ಟೆಯ ಮೇಲೆ ಅಮರವಾಯಿತು. ಅದಕ್ಕೆ ನನಗೆ ಸಂತೋಷವೇ. ಆದರೆ ಕರ್ನಾಟಕ ವೃಂದವನ್ನು ನಡೆಸುವ ವಿದ್ಯೆಗೆ ಒಂದು ಶಾಲೆಯನ್ನು, ಒಂದೇ ಒಂದು ತರಗತಿಯನ್ನಾದರೂ ಆಗ ತೆರೆದಿದ್ದರೆ ಎಂಬ ಯೋಚನೆ ಮೇಷ್ಟರಾದ ನನ್ನನ್ನು ಬಿಡುವುದಿಲ್ಲ.

ವೆಂಕಟಗಿರಿಯಪ್ಪನವರು 1952ರಲ್ಲಿ ಕಾಲವಾದರು. ಕಾಕತಾಳೀಯವೆಂಬಂತೆ ಅದೇ 1952ರಲ್ಲಿ ದೆಹಲಿಯಲ್ಲಿ ಆಕಾಶವಾಣಿ ತನ್ನ ವಾದ್ಯವೃಂದವನ್ನು ಸ್ಥಾಪಿಸಿತು. ಹಿಂದೂಸ್ತಾನಿ ಕಡೆಯಿಂದ ಪಂಡಿತ ರವಿಶಂಕರರೂ ಕರ್ನಾಟಕ ಕಡೆಯಿಂದ ಪಿಟೀಲು ವಿದ್ವಾನ್ ಟಿ. ಕೆ. ಜಯರಾಮ ಅಯ್ಯರ್ ಅವರೂ ಅದರ ನಾಯಕರಾದರು. ಅರಮನೆ ಹೊತ್ತಿದ್ದ ಹೊರೆಯನ್ನು ಒಂದರ್ಥದಲ್ಲಿ ಬಾನುಲಿ ಹೊತ್ತುಕೊಂಡಿತು. ಆಕಾಶವಾಣಿ ಎಂಬ ಹೆಸರೂ ಮೈಸೂರಿನದೇ ತಾನೆ? 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸಣ್ಣ ಪ್ರಸಾರಯಂತ್ರವನ್ನಿಟ್ಟು ಆರಂಭಿಸಿದ ನಿಲಯಕ್ಕೆ ಆ ಹೆಸರಿತ್ತು.

ವೆಂಕಟಗಿರಿಯಪ್ಪನವರ ಪಾಠವೂ ಈ ದಾರಿಯಲ್ಲಿಯೇ ಮುಂದೆ ನಡೆಯಿತು. ಅವರ ಶಿಷ್ಯರಲ್ಲಿ ಆರ್. ಎನ್. ದೊರೆಸ್ವಾಮಿಯವರೂ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರೂ ಹೆಸರಾದವರು. 1920ರಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್ಯರು ಬಾಲಕನಾಗಿದ್ದಾಗಲೇ ಗುರುಗಳೊಡನೆ ಅರಮನೆಯಲ್ಲಿ ನುಡಿಸಿದವರು; ಮುಂದೆ ಬೆಂಗಳೂರು ಆಕಾಶವಾಣಿ ನಿಲಯದಲ್ಲಿ ಸಂಗೀತ ನಿರ್ಮಾಪಕರಾಗಿ ಅನೇಕ ಗೀತರೂಪಕಗಳಿಗೆ ಸಂಗೀತವನ್ನು ಹೊಂದಿಸಿದರು. 1997ರಲ್ಲಿ ಅವರು ತೀರಿಕೊಳ್ಳುವ ತನಕ ಗುರುಗಳ ಬೆರಳನ್ನು ಅವರ ಬೆರಳಿನಲ್ಲಿ ಕೇಳಬಹುದೆಂದು ಬಲ್ಲವರು ಹೇಳುತ್ತಿದ್ದರು.

ಅರಮನೆಯ ವಾದ್ಯಮೇಳಗಳ ಪರಂಪರೆ ಪೊಲೀಸ್ ಇಲಾಖೆಗೆ ಸೇರಿತು. ಮೈಸೂರಿನ ಪೊಲೀಸ್ ವಾದ್ಯವೃಂದದಲ್ಲಿ ಇಂಗ್ಲಿಷ್ ಬ್ಯಾಂಡಿನ ಪಕ್ಕದಲ್ಲಿ ಕರ್ನಾಟಕ ಸಂಗೀತದ ಬ್ಯಾಂಡೂ ಇದೆ. ಖಾಕಿ ಇಲಾಖೆಯಲ್ಲಿ ತ್ಯಾಗರಾಜರ ಕೃತಿಗಳನ್ನು ಅಭ್ಯಾಸ ಮಾಡುವ ಜನರಿರುವುದು ಎಷ್ಟು ಮಂದಿಗೆ ಗೊತ್ತೊ ಕಾಣೆ. ದಸರೆಯ ದಿನಗಳಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡುಗಳ ಸಮೂಹ ವಾದ್ಯಮೇಳ ನಡೆಯುತ್ತದೆ. ಒಂದು ವರ್ಷ ನಮ್ಮ ಶಾಲೆಯ ಕೆಲವು ಮಕ್ಕಳನ್ನು ಕರೆದುಕೊಂಡು ಅದನ್ನು ನೋಡಲು ಹೋಗಿದ್ದೆ. ಜನ ಹೊಳೆಯುವ ಕೊಂಬುಗಳನ್ನು ನೋಡುತ್ತಿದ್ದರು. ನಾನು ಮಕ್ಕಳಿಗೆ, ಎದುರಿಗೆ ನಿಂತಿರುವವರ ಕೈಯನ್ನು ಮಾತ್ರ ನೋಡಿ ಎಂದೆ. ಕೈ ಮೇಲೆದ್ದಿತು; ಇನ್ನೂ ಒಂದು ಸ್ವರವೂ ಹೊರಟಿರಲಿಲ್ಲ. ನನ್ನ ಪಕ್ಕದಲ್ಲಿದ್ದ, ಆ "ರೈಟ್, ರೈಟ್" ಹುಡುಗ ತನಗರಿವಿಲ್ಲದೆಯೇ ಉಸಿರನ್ನು ಒಳಗೆಳೆದುಕೊಂಡ.